ಸತ್ಯಾಂಶ: ಐಟಿ ಉದ್ಯೋಗಿಗಳಿಗೆ ಓವರ್‌ಟೈಮ್ ಹಕ್ಕೇ ಇಲ್ಲವೇ?

‘ಕರ್ನಾಟಕದಲ್ಲಿ ಐಟಿ ಕಂಪನಿಗಳಿಗೆ ಕಾರ್ಮಿಕ ಕಾನೂನಿನಿಂದ ವಿನಾಯಿತಿ ಇದೆ, ತಿಂಗಳ ಸಂಬಳದವರು ಓವರ್‌ಟೈಮ್ ಕೇಳುವಂತಿಲ್ಲ’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು.

ಐಟಿ ವಲಯಕ್ಕೆ ರಾಜ್ಯ ಸರ್ಕಾರ ಷರತ್ತುಗಳೊಂದಿಗೆ ಕೊಡುತ್ತ ಬಂದಿದ್ದ ವಿನಾಯಿತಿ 1946ರ ಸ್ಥಾಯಿ ಆದೇಶಗಳ (ಅಂದರೆ ಸಂಸ್ಥೆಯ ಸೇವಾ ಷರತ್ತು, ಶಿಸ್ತಿನ ಲಿಖಿತ ನಿಯಮಗಳ) ಕಾಯ್ದೆಯದಾಗಿತ್ತು; ಆ ಕಾಯ್ದೆ 2025ರಲ್ಲಿ ರದ್ದಾಯಿತು. ಕೆಲಸದ ಅವಧಿಯನ್ನು ನಿಗದಿ ಮಾಡುವುದು ಬೇರೆಯೇ ಕಾನೂನು: 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ. ಅದರ ಮೂಲ ನಿಯಮದಂತೆ ದಿನಕ್ಕೆ 9, ವಾರಕ್ಕೆ 48 ಗಂಟೆ ಮಿತಿ. ಅದಕ್ಕೂ ಮೀರಿ ದುಡಿಸಿದರೆ ಎರಡು ಪಟ್ಟು ದರ. ಗಂಟೆಗೆ 200 ರೂಪಾಯಿ ಬೀಳುವವರಿಗೆ ಹೆಚ್ಚುವರಿ ಗಂಟೆಗೆ 400. ಸಂಬಳ ತಿಂಗಳಿಗೊಮ್ಮೆ ಬರುತ್ತದೆ ಎಂಬುದರಿಂದ ಈ ಹಕ್ಕು ಹೋಗುವುದಿಲ್ಲ. ಆಡಳಿತದ ಹುದ್ದೆಯಲ್ಲಿರುವವರು ಇದರಿಂದ ಹೊರಗೆ. ಹೆಸರಿಗಷ್ಟೇ ‘ಮ್ಯಾನೇಜರ್’ ಆದವರು ತಮ್ಮ ನಿಜವಾದ ಅಧಿಕಾರವೇನೆಂದು ನೋಡಿಕೊಳ್ಳಬೇಕು.

ಹೆಚ್ಚಿನವರು ಸೋಲುವುದು ದಾಖಲೆಯಲ್ಲಿ. ಹಾಜರಾತಿ ತಂತ್ರಾಂಶದಲ್ಲಿ 9 ಗಂಟೆಯಷ್ಟೇ ತುಂಬಿ, ರಾತ್ರಿ ಮನೆಯಿಂದ ಮಾಡಿದ ಕೆಲಸವನ್ನು ಬಿಟ್ಟುಬಿಡುತ್ತಾರೆ. ದಿನಾಂಕ, ಆರಂಭ, ಮುಕ್ತಾಯ, ಹೇಳಿದವರು ಯಾರು ಎಂದು ಅಂದಂದೇ ಸ್ವಂತ ಡೈರಿಯಲ್ಲಿ ಬರೆದಿಡಿ. ಕೆಲಸ ಬಿಟ್ಟ ದಿನ ಆಫೀಸಿನ ಲ್ಯಾಪ್‌ಟಾಪ್ ಕೈಯಲ್ಲಿರುವುದಿಲ್ಲ. ಬಾಯಿಮಾತಿನಲ್ಲಿ ಹೇಳಿದ ಕೆಲಸಕ್ಕೆ ‘ಇಂದು ರಾತ್ರಿ 11ರವರೆಗೆ ಇರಬೇಕೆಂದು ತಿಳಿಸಿದ್ದೀರಿ’ ಎಂದು ಒಂದು ಸಾಲಿನ ಇಮೇಲ್ ಹಾಕಿ. ಮೊದಲು ಎಚ್‌ಆರ್‌ಗೆ ಲಿಖಿತವಾಗಿ ಕೇಳಿ, ಉತ್ತರ ಬಾರದಿದ್ದರೆ ಕಾರ್ಮಿಕ ಇಲಾಖೆಗೆ ದೂರು ಕೊಡಿ.