ಒಂದು ದಿನ ಆಚೀಚೆಯಾದ ಮಳೆ

ಕಳೆದ ಜೂನಿನಲ್ಲಿ ರಜೆ ಹಾಕಿ ಮೂಡಿಗೆರೆ ಹತ್ತಿರದ ನಮ್ಮ ಮನೆಗೆ ಹೋಗಿದ್ದೆ. ಹೊರಗೆ ಕಾಲಿಡಲು ಬಿಡದ ಮಳೆ, ಕರೆಂಟು ಬಂದರೆ ಬಂತು. ಸುಮ್ನೆ ಕೂರುವ ಬದಲು ಮನೆಯ ಮಳೆ ಪುಸ್ತಕಗಳನ್ನು ಲ್ಯಾಪ್‌ಟಾಪಿಗೆ ಏರಿಸತೊಡಗಿದೆ.

ಕಾಫಿ ತೋಟದ ಮನೆಗಳಿಗೆ ಮಳೆ ಪುಸ್ತಕ ಹೊಸದಲ್ಲ. ಅಂಗಳದ ಮೂಲೆಯಲ್ಲಿ ರೈನ್‌ಗೇಜ್ ಇರುತ್ತದೆ. ಬೆಳಿಗ್ಗೆ ಎದ್ದು ಅಳೆದು ಇಂಚು, ಸೆಂಟ್ಸ್ (ಇಂಚಿನ ನೂರನೇ ಒಂದು ಪಾಲು) ಲೆಕ್ಕದಲ್ಲಿ ಬರೆಯುತ್ತಾರೆ. ಮಿಲಿಮೀಟರ್ ಅಂದರೆ ನಮ್ಮವರಿಗೆ ಇವತ್ತಿಗೂ ಮಳೆ ಅನಿಸುವುದಿಲ್ಲ. ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ದಿನವಂತೂ ಊರೆಲ್ಲ ಫೋನಿನಲ್ಲಿ. "ನಿಮ್ಮಲ್ಲಿ ಎಷ್ಟಾಯ್ತು?" "ಎಂಬತ್ತು ಸೆಂಟ್ಸ್." "ನಮ್ಮಲ್ಲಿ ಬರೀ ಮೂವತ್ತು, ಕರ್ಮ." ಗುಟ್ಟು ಎನ್ನುವುದೇ ಇಲ್ಲ. ಬಾಯಲ್ಲಿ ಎಲ್ಲವೂ ಎಲ್ಲರದ್ದು.

ಪುಸ್ತಕ ಮಾತ್ರ ಬೀರುವಿನೊಳಗೆ.

ಏರಿಸುತ್ತಾ ಹೋದಂತೆ ಒಂದು ವಿಚಿತ್ರ ಕಂಡಿತು. ಪಕ್ಕದ ತೋಟದವರ ಹಳೆಯ ಡೈರಿ ಜೊತೆ ಹೋಲಿಸಿದರೆ, ಅಜ್ಜನ ಕಾಲದ ದೊಡ್ಡ ಮಳೆಗಳೆಲ್ಲ ನಮ್ಮ ತೋಟದಲ್ಲಿ ಒಂದು ದಿನ ಮೊದಲೇ ಬಿದ್ದಿವೆ. ಅಜ್ಜ ತೀರಿಕೊಂಡದ್ದು 1987ರಲ್ಲಿ. ಅಲ್ಲಿಂದೀಚೆಗೆ ಎರಡೂ ಮನೆಗಳ ಮಳೆ ಒಂದೇ ದಿನ ಬೀಳತೊಡಗುತ್ತದೆ. ದೊಡ್ಡಪ್ಪನನ್ನು ಕೇಳಿದೆ. ಅವರು ಕನ್ನಡಕ ಕೂಡ ತೆಗೆಯಲಿಲ್ಲ. "ಅಜ್ಜ ನಿನ್ನೆ ತಾರೀಕಿಗೆ ಬರೀತಿದ್ರು ಮಾರಾಯ. ರಾತ್ರಿ ಬಿದ್ದದ್ದು ನಿನ್ನೆ ಮಳೆನೇ ಅಲ್ವಾ? ನಾನು ಅಳೆದ ದಿನಕ್ಕೆ ಹಾಕ್ತೀನಿ."

ಇಬ್ಬರೂ ಸರಿ. ಭಾರತದ ಹವಾಮಾನ ಇಲಾಖೆ ಬೆಳಿಗ್ಗೆ 8.30ಕ್ಕೆ ಅಳೆದ ಮಳೆಯನ್ನು ಅದೇ ದಿನದ ಲೆಕ್ಕಕ್ಕೆ ಹಾಕುತ್ತದೆ. ನಾನಿರುವ ಇಂಗ್ಲೆಂಡಿನಲ್ಲಿ 9 ಗಂಟೆಗೆ ಅಳೆದದ್ದು ಹಿಂದಿನ ದಿನದ ಲೆಕ್ಕಕ್ಕೆ ಹೋಗುತ್ತದೆ. ಅಜ್ಜ ಯಾವುದೋ ಬ್ರಿಟಿಷ್ ದೊರೆಯ ಎಸ್ಟೇಟಿನಲ್ಲಿ ಕಲಿತು ಬಂದರೋ ಏನೋ. ಪುಸ್ತಕದ ಮೊದಲ ಪುಟದಲ್ಲಿ ಇದನ್ನು ಒಂದು ಸಾಲು ಬರೆದಿದ್ದರೆ ನನ್ನ ಮೂರು ದಿನ ಉಳಿಯುತ್ತಿತ್ತು. ದೊಡ್ಡಪ್ಪ ಇಲ್ಲದ ಕಾಲದಲ್ಲಿ ನಾನು ಈ ಕೆಲಸಕ್ಕೆ ಕೂತಿದ್ದರೆ? ಯಾರನ್ನು ಕೇಳುತ್ತಿದ್ದೆ?

ಆ ಒಂದು ಸಾಲಿನ ಬೆಲೆ ನನಗೆ ಗೊತ್ತಾದದ್ದು ಹೊರದೇಶಕ್ಕೆ ಹೋದ ಮೇಲೆ. ನನ್ನದು ಇಕಾಲಜಿ, ಅಂದರೆ ಜೀವಿಗಳಿಗೂ ಪರಿಸರಕ್ಕೂ ಇರುವ ನಂಟಿನ ಸಂಶೋಧನೆ. ಮೊದಲ ಲೇಖನ ಕಳಿಸಿದಾಗ ವಿಜ್ಞಾನ ಪತ್ರಿಕೆಯವರು ಕೇಳಿದ್ದು, ನಿಮ್ಮ ಮೂಲ ಅಂಕಿಅಂಶ ಎಲ್ಲಿ? ಇಕಾಲಜಿ ಮತ್ತು ವಿಕಾಸ ವಿಜ್ಞಾನದ ಹಲವು ಪ್ರಮುಖ ಪತ್ರಿಕೆಗಳು 2011ರಿಂದಲೇ ಈ ನಿಯಮ ಹಿಡಿದಿವೆ. ಲೇಖನ ಅಚ್ಚಾಗಬೇಕಾದರೆ ಅದರ ಹಿಂದಿನ ಲೆಕ್ಕವನ್ನು ಡ್ರಯಾಡ್‌ನಂಥ ಸಾರ್ವಜನಿಕ ಭಂಡಾರದಲ್ಲಿ ಇಡಬೇಕು. ನನ್ನ ಕಡತ ತೆರೆದು ನೋಡಿದರೆ 'ಮರ', 'ಮರ ಹೊಸದು', 'ಮರ ಕಡೇದು', 'ಮರ ಕಡೇದು ನಿಜವಾದದ್ದು' ಅಂತ ನಾಲ್ಕು ಹಾಳೆ. ಯಾವುದು ಸರಿ ಎಂದು ನನಗೇ ಗೊತ್ತಿಲ್ಲ. ಮಾನ ಹೋಯಿತು. ಸರಿಪಡಿಸಲು ಎರಡು ತಿಂಗಳು ಹಿಡಿಯಿತು.

ಊರಲ್ಲಿ ಓದುವಾಗ ಹೀಗೆ ಕೇಳಿದವರೇ ಇರಲಿಲ್ಲ. ಹಿರಿಯ ಸಂಶೋಧಕರೊಬ್ಬರ ಬಳಿ ಹಳ್ಳದ ಕಪ್ಪೆಗಳ ಹಳೆಯ ಲೆಕ್ಕ ಕೇಳಿದ್ದೆ. "ಹಾರ್ಡ್‌ಡಿಸ್ಕ್ ಹೋಯ್ತಪ್ಪಾ" ಅಂದರು. ಹೋಗಿದ್ದು ನಿಜವೇ ಇರಬಹುದು.

ಕಪ್ಪೆ ಅಂದ ಮೇಲೆ ಕೊಟ್ಟಿಗೆಹಾರದ ಕಪ್ಪೆಯ ಕಥೆ ಹೇಳಲೇಬೇಕು. ಕೊಟ್ಟಿಗೆಹಾರ ಅಂದರೆ ಎಲ್ಲರಿಗೂ ನೆನಪಾಗುವುದು ಮಂಜು ಮತ್ತು ನೀರುದೋಸೆ. ಅದೇ ಊರಿನ ಹೆಸರನ್ನು 1937ರಲ್ಲಿ ಸಿ.ಆರ್. ನಾರಾಯಣ ರಾವ್ ಒಂದು ಪುಟ್ಟ ಕಪ್ಪೆಗೆ ಇಟ್ಟರು. ತೊರೆಯ ಬಂಡೆ ಮೇಲೆ ಕೂತು ಹಿಂಗಾಲು ಚಾಚಿ ಬೀಸುವ ಕಪ್ಪೆ. ಈ ರಾವ್ ಸಾಮಾನ್ಯರಲ್ಲ, 1932ರಲ್ಲಿ ಬೆಂಗಳೂರಿನಲ್ಲಿ ಶುರುವಾದ 'ಕರೆಂಟ್ ಸೈನ್ಸ್' ಪತ್ರಿಕೆಯ ಮೊದಲ ಸಂಪಾದಕರು. ಆ ಪತ್ರಿಕೆಯನ್ನು ಇವತ್ತು ಯಾರು ಬೇಕಾದರೂ ಪುಕ್ಕಟೆ ಓದಬಹುದು. ಆದರೆ ಅವರು ಹೆಸರಿಟ್ಟ ಕಪ್ಪೆಗಳ ಮೂಲ ಮಾದರಿಗಳು, ಅಂದರೆ ನೋಡಿ ಹೆಸರಿಟ್ಟ ಆ ಕಪ್ಪೆಗಳೇ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿದ್ದವು, ಕಳೆದುಹೋದವು. ಈ ಹೆಸರು ನಿಜಕ್ಕೂ ಯಾವ ಕಪ್ಪೆಯದು ಎಂದು ಮುಂದೆ ಬಂದವರು ತಡಕಾಡಬೇಕಾಯಿತು. ಬರಹ ಉಳಿಯಿತು, ವಸ್ತು ಹೋಯಿತು. ನಮ್ಮ ಮನೆಯಲ್ಲಿ ಉಲ್ಟಾ, ಪುಸ್ತಕ ಉಳಿದಿತ್ತು, ಅದನ್ನು ವಿವರಿಸುವ ಸಾಲು ಇರಲಿಲ್ಲ.

ಇಂಗ್ಲೆಂಡಿನವರು ಹುಟ್ಟಾ ಜಾಣರು ಅಂತ ನಾನು ಹೇಳುತ್ತಿಲ್ಲ. ಅವರಲ್ಲೂ ಶುರುವಾದದ್ದು ನಮ್ಮ ಹಾಗೇ, ಮನೆಯ ಪುಸ್ತಕದಿಂದ. ನಾರ್ಫೋಕ್‌ನ ಜಮೀನ್ದಾರ ರಾಬರ್ಟ್ ಮಾರ್ಷಮ್ 1736ರಲ್ಲಿ ವಸಂತದ ಗುರುತುಗಳನ್ನು ಬರೆದಿಡಲು ಶುರುಮಾಡಿದ. ಓಕ್ ಮರ ಯಾವಾಗ ಚಿಗುರಿತು, ಕಪ್ಪೆ ಯಾವಾಗ ಕೂಗಿತು, ಇಂಥವು. ಅವನ ಮನೆತನದವರು 1958ರವರೆಗೂ ಅದನ್ನು ಮುಂದುವರಿಸಿದರು. ಇನ್ನು ರೋಥಮ್‌ಸ್ಟೆಡ್ ಕೃಷಿ ಕೇಂದ್ರದಲ್ಲಿ 1853ರಿಂದ ಮಳೆ ಅಳೆಯುತ್ತಿದ್ದಾರೆ. ವ್ಯತ್ಯಾಸ ಇಷ್ಟೇ, ಆ ಪುಸ್ತಕಗಳು ಮನೆಯಿಂದ ಹೊರಬಂದವು. ಭೂಮಿ ಬಿಸಿಯಾಗುತ್ತಿದೆಯೇ ಎಂದು ಕೇಳುವವರಿಗೆ ಇವತ್ತು ಅವು ಸಾಕ್ಷಿ.

ಹಾಗಂತ ಅಲ್ಲಿನ ತೆರೆದ ಬಾಗಿಲು ಪೂರ್ತಿ ತೆರೆದದ್ದೂ ಅಲ್ಲ. ಎಷ್ಟೋ ಪತ್ರಿಕೆಗಳಲ್ಲಿ ಓದುವವರಿಗೆ ಪುಕ್ಕಟೆ ಅಂದರೆ ಬರೆದವರು ದುಡ್ಡು ಕಟ್ಟಬೇಕು. 'ನೇಚರ್' ಪತ್ರಿಕೆ 2021ರಲ್ಲಿ ಹೀಗೆ ತೆರೆದಿಡಲು ಶುರುಮಾಡಿದಾಗ ಒಂದು ಲೇಖನಕ್ಕೆ 9,500 ಯೂರೋ ಕೇಳಿತು. ಎಂಟು ಲಕ್ಷ ರೂಪಾಯಿಗೂ ಜಾಸ್ತಿ! ಅಷ್ಟಕ್ಕೆ ನಮ್ಮೂರಲ್ಲಿ ಪಿಕಪ್ ಗಾಡಿ ಬರುತ್ತದೆ. ಭಾರತ ಬೇರೆ ದಾರಿ ಹಿಡಿದಿದೆ. 2025ರಿಂದ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಇಟ್ಟು ಸರ್ಕಾರಿ ವಿದ್ಯಾಸಂಸ್ಥೆಗಳಿಗೆಲ್ಲ ಪತ್ರಿಕೆಗಳ ಚಂದಾ ಕಟ್ಟುತ್ತಿದೆ. ಕಾಲೇಜಿನ ಹುಡುಗರಿಗೆ ಒಳ್ಳೆಯದೇ. ದೊಡ್ಡಪ್ಪನಿಗೆ?

ಇಲ್ಲೇ ನನ್ನ ತಪ್ಪು ಇರುವುದು. ಎಂಟು ವರ್ಷದ ಹಿಂದೆ ನಮ್ಮ ಸುತ್ತಿನ 14 ತೋಟಗಳಲ್ಲಿ ನೆರಳಿನ ಮರ, ಹಕ್ಕಿ ಎಣಿಸಿದ್ದೆ. ಅತ್ತಿ, ಬಸರಿ ಬಿಟ್ಟ ತೋಟ ಯಾವುದು, ಎಲ್ಲ ಕಡಿದು ಸಿಲ್ವರ್ ಓಕ್ ನೆಟ್ಟ ತೋಟ ಯಾವುದು, ಎಲ್ಲವೂ ಲೆಕ್ಕದಲ್ಲಿದೆ. ಲೇಖನ ತೆರೆದಿದೆ, ಅಂಕಿಅಂಶ ತೆರೆದಿದೆ. ಬ್ರೆಜಿಲ್‌ನವರು ಇಳಿಸಿಕೊಂಡು ಬಳಸಿದರು, ನಾನು ಬೀಗಿದೆ. ಈ ಸಲ ಒಂದು ತೋಟದ ಅಣ್ಣ ಸಿಕ್ಕಿ ಕೇಳಿದರು, "ಅವತ್ತು ಹಕ್ಕಿ ಎಣಿಸ್ಕೊಂಡು ಹೋದೆಯಲ್ಲ, ಎಷ್ಟಿತ್ತು ನಮ್ಮಲ್ಲಿ?" ಹದಿನಾಲ್ಕು ಮನೆಯಲ್ಲಿ ಊಟ ಮಾಡಿದ್ದೆ. ಒಂದು ಮನೆಗೂ ಒಂದು ಹಾಳೆ ಕೊಟ್ಟಿರಲಿಲ್ಲ. ಇಡೀ ಜಗತ್ತಿಗೆ ತೆರೆದಿಟ್ಟದ್ದು ಅವರಿಗೆ ಮಾತ್ರ ಮುಚ್ಚಿತ್ತು.

ನಮ್ಮವರು ಲೆಕ್ಕ ಹೊರಗೆ ಕೊಡಲು ಹೆದರುವುದಕ್ಕೂ ಕಾರಣ ಇದೆ. "ಇದನ್ನೆಲ್ಲ ಇಂಟರ್ನೆಟ್ಟಿಗೆ ಹಾಕಿ, ನಾಳೆ ಫಾರೆಸ್ಟ್‌ನವರು ಬಂದು ನಿಂತ್ರೆ?" ಅಂದರು ದೊಡ್ಡಪ್ಪ. ಪಶ್ಚಿಮಘಟ್ಟದ ಪರಿಸರ ಉಳಿಸುವ ಬಗ್ಗೆ ಗಾಡ್ಗೀಳ್ ಸಮಿತಿಯ ವರದಿ 2011ರಲ್ಲೇ ಸರ್ಕಾರದ ಕೈ ಸೇರಿತ್ತು. ಜನರ ಕಣ್ಣಿಗೆ ಬಿದ್ದದ್ದು 2012ರಲ್ಲಿ, ಅದೂ ಮಾಹಿತಿ ಹಕ್ಕಿನ ಜಗಳದ ನಂತರ, ಅದೂ ಇಂಗ್ಲಿಷಿನಲ್ಲಿ. ಅಷ್ಟರಲ್ಲಿ ತೋಟ ಕೈಬಿಟ್ಟು ಹೋಗುತ್ತದೆ ಎಂಬ ಗಾಳಿಮಾತು ಗಟ್ಟಿಯಾಗಿತ್ತು. ನಮ್ಮ ವಿಷಯವನ್ನೇ ನಮಗೆ ತೋರಿಸದವರಿಗೆ ನಾವೇಕೆ ಪುಸ್ತಕ ತೋರಿಸಬೇಕು ಎಂಬ ಪ್ರಶ್ನೆಗೆ ನನ್ನ ಬಳಿ ಉತ್ತರ ಇರಲಿಲ್ಲ. ಅಪರೂಪದ ಜೀವಿಗಳ ಜಾಗವನ್ನು ಮಸುಕು ಮಾಡಿ ಹಾಕುವ ಪದ್ಧತಿ ಇದೆ, ಹಕ್ಕಿ ನೋಡುವವರು ಲೆಕ್ಕ ಹಾಕುವ ಇ-ಬರ್ಡ್ ಜಾಲತಾಣದಲ್ಲೂ ಕೆಲವು ಹಕ್ಕಿಗಳ ಜಾಗ ಮುಚ್ಚಿಡುತ್ತಾರೆ ಅಂತ ವಿವರಿಸಿದೆ. "ಗಂಧದ ಮರಕ್ಕೂ ಹಾಗೇ ಮಾಡ್ತಾರಾ?" ಅಂದರು. ನಗು ಬಂತು. ಆದರೆ ಅವರು ಕೇಳಿದ್ದು ಸರಿಯೇ.

ಕೊನೆಗೆ ಮಳೆ ಲೆಕ್ಕ ಮಾತ್ರ ಕೊಡಲು ಒಪ್ಪಿದರು. ಎರಡು ಷರತ್ತು: ಪುಸ್ತಕ ಮನೆ ಬಿಟ್ಟು ಹೋಗಕೂಡದು, ವಿವರ ಕನ್ನಡದಲ್ಲೂ ಇರಬೇಕು. ಹದಿನಾಲ್ಕು ಮನೆಗಳಿಗೂ ಒಂದೊಂದು ಹಾಳೆ ಕನ್ನಡದಲ್ಲಿ ಬರೆದು ಮುಗಿಸಿದ್ದೇನೆ, ಹನ್ನೊಂದು ಮನೆಗೆ ನಾನೇ ಹೋಗಿ ಕೊಟ್ಟೆ. ಉಳಿದ ಮೂವರು ತೋಟ ಮಾರಿ ಹೋಗಿದ್ದಾರೆ.

ಹೊರಡುವ ಹಿಂದಿನ ರಾತ್ರಿ ದೊಡ್ಡಪ್ಪ ಹೇಳುತ್ತಾ ಹೋದರು, ನಾನು ಬರೆದುಕೊಂಡೆ. "ಬೆಳಿಗ್ಗೆ ಏಳೂವರೆಗೆ ಅಳೆದದ್ದು. 1987ರವರೆಗೆ ಹಿಂದಿನ ದಿನಕ್ಕೆ, ಆಮೇಲೆ ಅದೇ ದಿನಕ್ಕೆ. ಗೆರೆ ಎಳೆದಿದ್ದರೆ ಮಳೆ ಇಲ್ಲ. ಖಾಲಿ ಬಿಟ್ಟಿದ್ದರೆ ಅಳೆದಿಲ್ಲ, ಮನೆಯಲ್ಲಿ ಮದುವೆಯೋ ಸಾವೋ ಇತ್ತು." ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕರೆದರು. "1974ರ ಪುಸ್ತಕ ಇಲ್ಲ. ಇಲಿ ತಿಂದಿದೆ. ಅದನ್ನೂ ಬರಿ."