ಕರಿಬೇವಿನ ಒಂದು ಕೊಂಬೆಯನ್ನು ಹುಳುವಿಗೆ ಬಿಡಿ

ಹಿತ್ತಲಿರುವ ಮನೆಯವರು ಮಕ್ಕಳ ರಜೆಯನ್ನೆಲ್ಲ ಬೇಸಿಗೆ ಶಿಬಿರಗಳಿಗೆ ಒಪ್ಪಿಸುವ ಮೊದಲು ತಮ್ಮ ಕರಿಬೇವಿನ ಗಿಡವನ್ನೊಮ್ಮೆ ಹತ್ತಿರದಿಂದ ನೋಡಬೇಕು ಎಂಬುದು ನನ್ನ ಕೋರಿಕೆ.

ಸಾಗರದ ನಮ್ಮ ಹಿತ್ತಲಿನಲ್ಲಿ ಈ ಬೇಸಿಗೆ ಮಗಳು ಮತ್ತು ತಂಗಿಯ ಮಗ ಸೇರಿ ಬೆಂಡೆ, ಹರಿವೆ, ಸಿಹಿಗುಂಬಳ ಹಾಕಿದರು. ಪಾತಿ ಮಾಡಿ ಸಗಣಿ ಗೊಬ್ಬರ ಬೆರೆಸುವುದನ್ನು ಅಮ್ಮ ಹೇಳಿಕೊಟ್ಟರು. ಆದರೆ ಮಕ್ಕಳ ಕಣ್ಣು ನೆಟ್ಟದ್ದು ಮೊದಲಿನಿಂದಲೂ ಅಲ್ಲಿದ್ದ ಕರಿಬೇವಿನ ಮೇಲೆ. ಎಳೆ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ಬಿದ್ದುಕೊಂಡಿದ್ದದ್ದು ಮೆಲ್ಲಗೆ ಅಂಚು ಕಡಿಯತೊಡಗಿದಾಗಲೇ ಅದು ಚಿಟ್ಟೆಯ ಮರಿಹುಳುವೆಂದು ಅವರಿಗೆ ತಿಳಿದದ್ದು. ಪೊರೆ ಕಳಚುತ್ತ ಬೆಳೆದು ಅದು ಹಸಿರಾಯಿತು. ಕಡ್ಡಿ ತಾಗಿಸಿದರೆ ತಲೆಯ ಹಿಂದಿನಿಂದ ಕವಲೊಡೆದ ಕೆಂಪು ಕೊಂಬಿನಂಥದ್ದನ್ನು ಚಾಚಿ ಘಾಟು ವಾಸನೆ ಬಿಡುತ್ತಿತ್ತು. ಸೊಪ್ಪೆಲ್ಲ ಖಾಲಿಯಾಗುತ್ತದೆಂದು ಹುಳುಗಳನ್ನು ತೆಗೆಯಹೊರಟ ಅಮ್ಮ, ಮೊಮ್ಮಗಳ ಮುಖ ನೋಡಿ, “ಹೋಗಲಿ ಬಿಡೇ, ಆ ಕಡೆಯ ಕೊಂಬೆ ಅದಕ್ಕಿರಲಿ, ಈ ಕಡೆಯದು ಒಗ್ಗರಣೆಗೆ” ಎಂದರು. ತೋಟಗಾರಿಕೆಯ ಬಗ್ಗೆ ಇದಕ್ಕಿಂತ ಒಳ್ಳೆಯ ಮಾತನ್ನು ನಾನು ಕೇಳಿಲ್ಲ.

ನೂಲಿನ ಎಳೆಯೊಂದನ್ನು ನಡುವಿಗೆ ಬಿಗಿದುಕೊಂಡು ಕಡ್ಡಿಗೆ ಆತುಕೊಂಡ ಕೋಶಗಳಲ್ಲಿ ಒಂದರಿಂದ ಬಿಳಿ ಚುಕ್ಕೆಗಳ ಸಾಲಿದ್ದ ಕಪ್ಪು ಚಿಟ್ಟೆ ಹೊರಬಂತು. ಇನ್ನೊಂದು ಕಂದುಗಟ್ಟಿತು, ಅದರಲ್ಲಿದ್ದ ಸಣ್ಣ ತೂತಿನಿಂದ ಬಂದದ್ದು ಸಾಸಿವೆಗಿಂತ ಚಿಕ್ಕ ಕಣಜಗಳು. ಮಗಳು ಅತ್ತಳು. ಕೋಶದೊಳಗೆ ಮೊಟ್ಟೆಯಿಟ್ಟು ಅದನ್ನೇ ಮರಿಗಳಿಗೆ ಆಹಾರವಾಗಿಸುವ ಕಣಜಗಳಿವೆ, ಅವು ಇಲ್ಲದಿದ್ದರೆ ಅಜ್ಜಿಯ ಪಾಲಿನ ಕೊಂಬೆಯೂ ಉಳಿಯುವುದು ಕಷ್ಟ ಎಂದು ಅವಳಿಗೆ ವಿವರಿಸಿದೆ. ಇಂಥದ್ದನ್ನು ಮಕ್ಕಳಿಂದ ಮರೆಮಾಚಬಾರದು. ಹುಳು ಕಂಡೊಡನೆ ಔಷಧಿ ಹೊಡೆಯುವ ನಮ್ಮ ಅಭ್ಯಾಸ ಮರಿಹುಳುವನ್ನಷ್ಟೇ ಅಲ್ಲ, ಅದನ್ನು ಹತೋಟಿಯಲ್ಲಿಡುವ ಕಣಜವನ್ನೂ ಕೊಲ್ಲುತ್ತದೆ. ಆಮೇಲೆ ಮತ್ತೆ ಮತ್ತೆ ಹೊಡೆಯುವುದು ಅನಿವಾರ್ಯವಾಗುತ್ತದೆ.

ಬೆಂಡೆ, ಹರಿವೆ ತಮ್ಮ ಪಾಡಿಗೆ ಬಂದವು. ಕುಂಬಳದ ಬಳ್ಳಿಯಲ್ಲಿ ಮಾತ್ರ ಮೊದಲ ಹೂಗಳೆಲ್ಲ ಉದುರಿದವು, ಏಕೆಂದರೆ ಅವು ಗಂಡು ಹೂಗಳು. ತಳದಲ್ಲಿ ಪುಟ್ಟ ಕಾಯಿಯನ್ನು ಹೊತ್ತ ಹೆಣ್ಣು ಹೂ ಸಾಮಾನ್ಯವಾಗಿ ಆನಂತರ ಬರುತ್ತದೆ, ಬೆಳಿಗ್ಗೆ ಅರಳಿ ಮಧ್ಯಾಹ್ನದೊಳಗೆ ಮುದುಡುತ್ತದೆ. ಜೇನ್ನೊಣ ಬಾರದ ದಿನ ಗಂಡು ಹೂವಿನ ದಳ ಬಿಡಿಸಿ, ಪರಾಗವನ್ನು ಹೆಣ್ಣು ಹೂವಿಗೆ ಸವರುವ ಕೆಲಸವನ್ನು ಹುಡುಗ ತನ್ನದೆಂದು ವಹಿಸಿಕೊಂಡ. ಶಾಲೆಯ ದಿನಗಳಲ್ಲಿ ಎಬ್ಬಿಸಿದರೂ ಏಳದವನು ಅದಕ್ಕಾಗಿ ತಾನೇ ಎದ್ದು ಬರುತ್ತಿದ್ದ.

ಹಿತ್ತಲಿಲ್ಲದವರು ಬಾಲ್ಕನಿಯ ಕುಂಡದಲ್ಲಿ ನಿಂಬೆಯ ಸಸಿಯನ್ನಾದರೂ ಇಡಬಹುದು. ಈ ಜಾತಿಯ ಚಿಟ್ಟೆಗಳು ಅದನ್ನೂ ಹುಡುಕಿ ಬರುತ್ತವೆ. ನರ್ಸರಿಯಿಂದ ತಂದ ಸಸಿಗೆ ಔಷಧಿ ಹೊಡೆದಿರಬಹುದಾದ್ದರಿಂದ ಹೊಸ ಚಿಗುರು ಬರುವವರೆಗೆ ಕಾಯಬೇಕು. ಚಿಟ್ಟೆ ಮೊಟ್ಟೆಯಿಡಲು ಆರಿಸಿಕೊಳ್ಳುವುದೂ ಹೆಚ್ಚಾಗಿ ಆ ಚಿಗುರನ್ನೇ.