"ಹಣೆ ಒರೆಸ್ಕೊಂಡು ಬಾ" ಅಂದರು

ಇವತ್ತು ಬೂದಿ ಬುಧವಾರ, ಈಸ್ಟರ್‌ಗೆ ಮುಂಚಿನ ನಮ್ಮ ಉಪವಾಸ ಕಾಲದ ಮೊದಲ ದಿನ. ಬೆಳಿಗ್ಗೆ ಆರೂವರೆಯ ಪೂಜೆಗೆ ಹೋಗಿ, ಹಣೆಗೆ ಬೂದಿ ಹಚ್ಚಿಸಿಕೊಂಡು, ಮನೆಗೆ ಬಂದು ಮಕ್ಕಳ ಡಬ್ಬಿ ಕಟ್ಟಿ, ಹತ್ತಕ್ಕೆ ಮುಂಚೆ ಬ್ಯಾಂಕಿನಲ್ಲಿದ್ದೆ. ಇನ್ನೂ ಕಂಪ್ಯೂಟರ್ ಆನ್ ಮಾಡಿರಲಿಲ್ಲ. ನಮ್ಮ ಬ್ರಾಂಚಿನಲ್ಲಿ ಕ್ರೈಸ್ತರು ಅಂತ ಇರುವುದು ಇಬ್ಬರೇ. ನಾನು, ಮತ್ತು ನನಗಿಂತ ಹತ್ತು ವರ್ಷ ದೊಡ್ಡವರಾದ ಒಬ್ಬ ಅಕ್ಕ. ಅವರು ನನ್ನ ಕೈ ಹಿಡಿದು ಪಕ್ಕಕ್ಕೆ ಕರೆದುಕೊಂಡು ಹೋದರು.

"ಹಣೆ ಒರೆಸ್ಕೊಂಡು ಬಾರೇ. ಕೌಂಟರ್‌ನಲ್ಲಿ ಕೂರೋಳು ನೀನು. ಈಗಿನ ಕಾಲದಲ್ಲಿ ಸುಮ್ನೆ ಯಾಕೆ?"

ಅವರೂ ಅದೇ ಪೂಜೆಯಲ್ಲಿದ್ದರು. ನನಗಿಂತ ಎರಡು ಸಾಲು ಮುಂದೆ. ಅವರ ಹಣೆ ಆಗಲೇ ತೊಳೆದು, ಪೌಡರ್ ಹಾಕಿ ಆಗಿತ್ತು.

ನಾನು ಒರೆಸಲಿಲ್ಲ. ಆದರೆ ಆ ಮಾತು ಬೆಳಿಗ್ಗೆಯಿಂದ ಚುಚ್ಚುತ್ತಲೇ ಇದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಬೇರೆ ಯಾರಾದರೂ ಅಂದಿದ್ದರೆ ಇಷ್ಟು ಕೋಪ ಬರುತ್ತಿರಲಿಲ್ಲ.

ಬೇರೆಯವರು ಏನಂದರು, ಕೇಳಿ. ಹನ್ನೊಂದು ಗಂಟೆಗೆ ಪೆನ್ಷನ್ ದುಡ್ಡು ತೆಗೆಯಲು ಒಬ್ಬ ಅಜ್ಜ ಬಂದರು. ಹಣೆ ತುಂಬ ಮೂರು ಪಟ್ಟೆ. ಭಾನುವಾರವಷ್ಟೇ ಶಿವರಾತ್ರಿ ಮುಗಿದಿದೆ. ನನ್ನನ್ನು ಎರಡು ಸಲ ನೋಡಿದರು. "ಏನವ್ವಾ, ನೀನೂ ಈಬತ್ತಿ ಇಟ್ಕಂಡಿದ್ದೀಯ? ನೀವು ಕಿರಸ್ತಾನ್ರಲ್ವಾ?"

ಇದು ನಮ್ಮ ಈಬತ್ತಿ ಅಜ್ಜ ಅಂದೆ. ಹೋದ ವರ್ಷ ಗರಿಗಳ ಭಾನುವಾರ ಕೈಯಲ್ಲಿ ಹಿಡಿದ ಗರಿಯನ್ನು ಮನೆಯಲ್ಲಿ ಶಿಲುಬೆಯ ಹಿಂದೆ ಸಿಕ್ಕಿಸಿ ಇಟ್ಟಿರುತ್ತೇವೆ, ವರ್ಷ ಆದಮೇಲೆ ಗುಡಿಗೆ ಕೊಟ್ಟು ಸುಡಿಸುತ್ತೇವೆ, ಆ ಬೂದಿಯಲ್ಲಿ ಸ್ವಾಮಿಗಳು ಹಣೆಗೆ ಶಿಲುಬೆ ಗುರುತು ಹಾಕಿ "ನೀನು ಮಣ್ಣು, ಮಣ್ಣಿಗೇ ಹೋಗ್ತೀಯ" ಅಂತ ನೆನಪು ಮಾಡುತ್ತಾರೆ ಅಂತ ಹೇಳಿದೆ.

"ನಮ್ಮಲ್ಲೂ ಮಣ್ಣಿಗೇ ಕಣವ್ವ. ನಾವೂ ಸುಡಾಕಿಲ್ಲ" ಅಂದರು ಅಜ್ಜ. ಹೆಬ್ಬೆಟ್ಟು ಒತ್ತಿದರು. ದುಡ್ಡು ಎಣಿಸಿಕೊಂಡು ಹೋದರು.

ಇಡೀ ದಿನ ನಡೆದಿದ್ದು ಅಷ್ಟೇ. ಒಬ್ಬ ಕಾಲೇಜು ಹುಡುಗ "ಮೇಡಂ, ಹಣೆಗೆ ಏನೋ ಅಂಟಿದೆ" ಅಂದ. ಹೇಳಿದೆ, ಓ ಅಂದ. ಯಾರ ಮುಖವೂ ಕೆಡಲಿಲ್ಲ. ಒಂದು ಚೆಕ್ಕೂ ವಾಪಸ್ ಹೋಗಲಿಲ್ಲ.

ನಮ್ಮ ಬ್ರಾಂಚಿನಲ್ಲಿ ದಿನಾ ಬೆಳಿಗ್ಗೆ ಲಕ್ಷ್ಮಿ ಫೋಟೋಗೆ ಊದುಬತ್ತಿ ಹಚ್ಚುತ್ತಾರೆ. ಆಯುಧಪೂಜೆಗೆ ದುಡ್ಡು ಎಣಿಸುವ ಮಷಿನ್‌ಗೂ ಕುಂಕುಮ ಇಡುತ್ತಾರೆ, ಪುರಿ ಹಂಚುತ್ತಾರೆ. ಸೆಕ್ಯುರಿಟಿ ಅಣ್ಣ ಶುಕ್ರವಾರ ನಮಾಜ್ ಮುಗಿಸಿ ಬರುವ ತನಕ ಅವರ ಜಾಗದಲ್ಲಿ ಅಟೆಂಡರ್ ನಿಲ್ಲುತ್ತಾನೆ. ಇದೆಲ್ಲ ನನಗೆ ನಿಜವಾಗಲೂ ಇಷ್ಟ. ದೇವರನ್ನು ಮನೆಯಲ್ಲಿ ಬಿಟ್ಟು ಬನ್ನಿ ಅಂತ ಇಲ್ಲಿ ಯಾರೂ ಯಾರಿಗೂ ಹೇಳಿಲ್ಲ. ಹಾಗೆ ಹೇಳಿದ್ದು ನಮಗೆ ನಾವೇ. ನನಗೆ ನೋವಾಗುವುದು ಇಲ್ಲೇ.

ನಮ್ಮಜ್ಜಿ ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಯವರು. ಗೊರೂರಿನ ಹೇಮಾವತಿ ಹಿನ್ನೀರಿನಲ್ಲಿ ಮಳೆಗಾಲಕ್ಕೆ ಮುಳುಗಿ ಬೇಸಿಗೆಗೆ ಏಳುವ ಇಗರ್ಜಿ ಇದೆಯಲ್ಲ, 1860ರ ಸುಮಾರಿಗೆ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು, ನೀವೆಲ್ಲ ಫೋಟೋ ಹಾಕುತ್ತೀರಲ್ಲ, ಅಜ್ಜಿಯ ಮದುವೆ ಆಗಿದ್ದು ಅಲ್ಲೇ. ಆ ಮುರಿದ ಗೋಡೆಗಳನ್ನು ಎಲ್ಲರೂ ಚಂದ ಅಂತಾರೆ. ಅಲ್ಲಿ ಮೊಣಕಾಲೂರಿದ ಜನ ಹೇಗೆ ಬದುಕಿದರು ಅಂತ ಕೇಳುವವರು ಕಡಿಮೆ.

ಅಜ್ಜಿ ಹಣೆಗೆ ಕುಂಕುಮ ಇಡುತ್ತಿದ್ದರು. ತಲೆಗೆ ಹೂವು, ಕುತ್ತಿಗೆಯಲ್ಲಿ ತಾಳಿಯ ಜೊತೆ ಶಿಲುಬೆ. ಸಂತೆಯಲ್ಲಿ ಬೆಣ್ಣೆ ಮಾರುತ್ತಿದ್ದರು. ಮಧ್ಯಾಹ್ನ ಹನ್ನೆರಡಾಯಿತು ಅಂದರೆ ತಕ್ಕಡಿ ಕೆಳಗಿಟ್ಟು, ಎದೆ ಮೇಲೆ ಶಿಲುಬೆ ಗುರುತು ಹಾಕಿ, ತ್ರಿಕಾಲ ಪ್ರಾರ್ಥನೆ ಹೇಳುತ್ತಿದ್ದರಂತೆ. ಗಿರಾಕಿಗಳು ಕಾಯುತ್ತಿದ್ದರಂತೆ. ಪ್ರಾರ್ಥನೆ ಮುಗಿಸಿ ಎತ್ತಿದ ತಕ್ಕಡಿಯಲ್ಲಿ ಮೋಸ ಮಾಡೋಕೆ ಕೈ ಬರಲ್ಲ ಕಣೇ, ಅಂತ ಅಜ್ಜಿ ನನಗೆ ಹೇಳಿದ್ದರು. ಆಗ ನಾನು ಎಂಟನೇ ಕ್ಲಾಸು. ಮಾತು ಅರ್ಥ ಆಗಲು ಇಷ್ಟು ವರ್ಷ ಬೇಕಾಯಿತು.

ಅಮ್ಮನ ಕಥೆ ಬೇರೆ. 2008ರ ಸೆಪ್ಟೆಂಬರ್‌ನಲ್ಲಿ ಮಂಗಳೂರಿನ ಇಗರ್ಜಿಗಳ ಮೇಲೆ ದಾಳಿ ಆಯಿತಲ್ಲ, ಆ ವಾರ ಅಮ್ಮ ಸರದ ಶಿಲುಬೆಯನ್ನು ರವಿಕೆಯ ಒಳಗೆ ಸೇರಿಸಿದರು. ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದರು, ಹೆದರಿಕೆ. ಯಾರೂ ಅವರಿಗೆ ಏನೂ ಅಂದಿರಲಿಲ್ಲ. ಆದರೆ ಆಮೇಲೆ ಆ ಶಿಲುಬೆ ಹೊರಗೆ ಬರಲೇ ಇಲ್ಲ.

ಹಾಗಾಗಿ ಅಕ್ಕನ ಹೆದರಿಕೆ ಸುಳ್ಳು ಅಂತ ನಾನು ಹೇಳುವುದಿಲ್ಲ. ಪ್ರಾರ್ಥನೆ ಮಾಡುತ್ತಿದ್ದವರ ಮನೆಗೆ ನುಗ್ಗಿದ ಸುದ್ದಿಗಳನ್ನು ನಾನೂ ಓದಿದ್ದೇನೆ. 2022ರಲ್ಲಿ ಮತಾಂತರದ ಕಾಯ್ದೆ ಬಂದಾಗ ನಮ್ಮ ಮನೆಯಲ್ಲೂ ದನಿ ತಗ್ಗಿಸಿ ಮಾತಾಡಿದ್ದೇವೆ. ಆದರೆ ಒಂದು ಮಾತು ಹೇಳಿ. ಹಣೆ ಮೇಲಿನ ಚೂರು ಬೂದಿ ಯಾರನ್ನು ಮತಾಂತರ ಮಾಡುತ್ತದೆ? ನಂಬಿದ್ದನ್ನು ಬಾಯಿಬಿಟ್ಟು ಹೇಳುವ, ಅದರಂತೆ ನಡೆಯುವ ಹಕ್ಕನ್ನು ಸಂವಿಧಾನದ 25ನೇ ವಿಧಿ ಎಲ್ಲರಿಗೂ ಕೊಟ್ಟಿದೆ. 2011ರ ಜನಗಣತಿ ಪ್ರಕಾರ ನಮ್ಮ ರಾಜ್ಯದಲ್ಲಿ ನಾವು ಶೇಕಡ 1.87. ನೂರು ಜನರಲ್ಲಿ ಇಬ್ಬರೂ ಇಲ್ಲ. ಆ ಇಬ್ಬರೂ ಮುಖ ತೊಳೆದುಕೊಂಡೇ ಹೊರಗೆ ಬಂದರೆ, ನಾವು ಎಂಥವರು ಅಂತ ಉಳಿದವರಿಗೆ ಗೊತ್ತಾಗುವುದು ಹೇಗೆ? ವಾಟ್ಸಾಪ್‌ನಲ್ಲಿ ಬರುವ ವಿಡಿಯೋ ನೋಡಿಯಾ? ಆ ಅಜ್ಜನಿಗೆ ಇವತ್ತು ನನ್ನ ಹಣೆ ನೋಡಿ ಗೊತ್ತಾಯಿತು. ನನಗೂ ಅವರ ಬಗ್ಗೆ ಒಂದು ವಿಷಯ ಗೊತ್ತಾಯಿತು. ಒರೆಸಿಕೊಂಡಿದ್ದರೆ ಎರಡೂ ಇಲ್ಲ.

ಮಧ್ಯಾಹ್ನ ಅಕ್ಕ ಇನ್ನೊಂದು ಮಾತು ತೆಗೆದರು. "ಬೆಳಿಗ್ಗೆ ಶುಭಸಂದೇಶ ಕೇಳಿಸ್ಕೊಂಡ್ಯಾ? ಉಪವಾಸ ಮಾಡುವಾಗ ತಲೆಗೆ ಎಣ್ಣೆ ಹಚ್ಚಿ ಮುಖ ತೊಳ್ಕೋ ಅಂತ ಯೇಸುವೇ ಹೇಳಿಲ್ವಾ?"

ಹೌದು, ಹೇಳಿದ್ದಾರೆ. ಬೈಬಲ್‌ನಲ್ಲಿ ಮತ್ತಾಯ ಬರೆದ ಶುಭಸಂದೇಶದ ಆರನೇ ಅಧ್ಯಾಯ. ಬೂದಿ ಹಚ್ಚುವ ದಿನವೇ ಪ್ರತಿ ವರ್ಷ ಅದನ್ನು ಓದುತ್ತಾರೆ. ಜನ ನೋಡಲಿ ಅಂತ ಬೀದಿಯಲ್ಲಿ ಪ್ರಾರ್ಥನೆ ಮಾಡಬೇಡಿ, ಬಾಗಿಲು ಮುಚ್ಚಿಕೊಂಡು ಮಾಡಿ. ಈ ಮಾತು ನನ್ನನ್ನೂ ಕಾಡಿದೆ. ಆದರೆ ಅದರ ಹಿಂದಿನ ಅಧ್ಯಾಯದಲ್ಲೇ ದೀಪ ಹಚ್ಚಿ ಯಾರೂ ಕೊಳಗದ ಕೆಳಗೆ ಇಡುವುದಿಲ್ಲ ಅಂತಲೂ ಅವರೇ ಹೇಳಿದ್ದಾರೆ. ಹೊಗಳಿಕೆಗೆ ತೋರಿಸಿಕೊಳ್ಳಬೇಡ ಅಂದರು. ಹೆದರಿ ಅಡಗಿಸು ಅಂತ ಎಲ್ಲೂ ಹೇಳಲಿಲ್ಲ. ಅಕ್ಕ ಮುಖ ತೊಳೆದಿದ್ದು ಮತ್ತಾಯನ ಮಾತು ಕೇಳಿಯಾ? ಮ್ಯಾನೇಜರ್ ನೋಡುತ್ತಾರೆ ಅಂತ. ನನಗೆ ಇದು ಹೇಗೆ ಗೊತ್ತು ಅಂದರೆ, ಹನ್ನೊಂದು ವರ್ಷ ನಾನೂ ಅದೇ ಮಾಡಿದ್ದೇನೆ.

ಹೌದು. ಹನ್ನೊಂದು ವರ್ಷ. ಪೂಜೆ ಮುಗಿಸಿ ಬಸ್ ಹತ್ತುವ ಮುಂಚೆ ಕರ್ಚೀಫ್ ಒದ್ದೆ ಮಾಡಿ ಒರೆಸಿಕೊಳ್ಳುತ್ತಿದ್ದೆ. 2021ರಲ್ಲಿ ಕೊರೊನಾ ಕಾರಣಕ್ಕೆ ರೋಮ್‌ನಿಂದ ಸೂಚನೆ ಬಂದು, ಹಣೆ ಮುಟ್ಟದೆ ನೆತ್ತಿ ಮೇಲೆ ಬೂದಿ ಉದುರಿಸಿದರು. ಆ ವರ್ಷ ಒರೆಸುವ ಕೆಲಸವೂ ಇರಲಿಲ್ಲ. ಕೂದಲಲ್ಲಿ ಯಾರಿಗೆ ಕಾಣುತ್ತದೆ? ಒಳಗೊಳಗೇ ಎಷ್ಟು ಸಮಾಧಾನ ಆಗಿತ್ತು ಅಂತ ನೆನೆದರೆ ಈಗ ಅಳು ಬರುತ್ತದೆ. ಯೇಸುವಿನ ಶಿಷ್ಯ ಪೇತ್ರ ಹೆದರಿ ಯೇಸುವನ್ನು ಗೊತ್ತಿಲ್ಲ ಅಂದದ್ದು ದೊಡ್ಡ ಅಧಿಕಾರಿಯ ಮುಂದೆ ಅಲ್ಲ. ಅಂಗಳದಲ್ಲಿ, ಒಬ್ಬ ಕೆಲಸದ ಹುಡುಗಿ ಕೇಳಿದ್ದಕ್ಕೆ. ನನ್ನನ್ನಂತೂ ಯಾರೂ ಕೇಳಿಯೇ ಇರಲಿಲ್ಲ.

ಒರೆಸಿಕೊಂಡರೆ ಏನಾಯಿತು, ನಂಬಿಕೆ ಮನಸ್ಸಿನಲ್ಲಿದ್ದರೆ ಸಾಕಲ್ವಾ ಅಂತ ನೀವು ಕೇಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಮನಸ್ಸಿನಲ್ಲಿದ್ದ ನಂಬಿಕೆ ಕೌಂಟರ್ ತನಕ ಬರಲೇ ಇಲ್ಲ.

ಮಾರ್ಚ್ ಹತ್ತಿರ ಬಂದರೆ ನಮಗೆ ಇನ್ಶೂರೆನ್ಸ್ ಟಾರ್ಗೆಟ್. ಈ ಕೆಲಸದಲ್ಲಿ ಇರುವವರಿಗೆಲ್ಲ ಗೊತ್ತು. ಹೋದ ತಿಂಗಳ ಕೊನೆಯಲ್ಲಿ ಒಬ್ಬ ಅಮ್ಮ ಶುಂಠಿ ಮಾರಿದ ದುಡ್ಡು ತಂದಿದ್ದರು. ಗಂಡ ಇಲ್ಲ. ಎಫ್‌ಡಿ ಇಡಬೇಕು ಅಂದರು. ನಾನು ಪಾಲಿಸಿ ಫಾರಂ ತೆಗೆದೆ. "ಎಫ್‌ಡಿ ಥರಾನೇ ಅಮ್ಮ, ಜೊತೆಗೆ ವಿಮೇನೂ ಸಿಗುತ್ತೆ" ಅಂದೆ. ಪ್ರತಿ ವರ್ಷ ಇಷ್ಟೇ ದುಡ್ಡು ಕಟ್ಟಬೇಕು ಅನ್ನುವುದನ್ನು ಎಷ್ಟು ಬೇಗ ಹೇಳಿದೆ ಅಂದರೆ ಅವರಿಗೆ ಕೇಳಿಸಿಲ್ಲ. ಕೇಳಿಸದ ಹಾಗೇ ಹೇಳಿದ್ದೆ. ಮುಂದಿನ ವರ್ಷ ಶುಂಠಿಗೆ ರೇಟು ಇರುತ್ತದೋ, ಕೊಳೆರೋಗ ಬರುತ್ತದೋ, ಅವರಿಗೇ ಗೊತ್ತಿಲ್ಲ. ಅವರು ಸಹಿ ಮಾಡಿ ನನಗೆ ಕೈ ಮುಗಿದು ಹೋದರು. ನನ್ನ ಟಾರ್ಗೆಟ್ ಆಯಿತು.

ಆವತ್ತು ನನ್ನ ಹಣೆ ಮೇಲೆ ಏನೂ ಇರಲಿಲ್ಲ.

ಇವತ್ತು ಮಧ್ಯಾಹ್ನ ಇನ್ನೊಬ್ಬರು ಎಫ್‌ಡಿಗೆ ಬಂದರು. ಅವರು ನನ್ನ ಹಣೆ ನೋಡುತ್ತಿದ್ದರು. ನಾನು ಎಫ್‌ಡಿ ಫಾರಂ ಕೊಟ್ಟೆ, ಅಷ್ಟೇ ಕೊಟ್ಟೆ. ಮ್ಯಾನೇಜರ್ ಸಂಜೆ ಕರೆದು, ಪಾಲಿಸಿ ಯಾಕೆ ಮಾಡಿಸಲಿಲ್ಲ ಅಂತ ಕೇಳಿದರು. ಬಂದವರು ಕೇಳಿದ್ದು ಎಫ್‌ಡಿ, ಅದನ್ನೇ ಮಾಡಿಕೊಟ್ಟೆ ಸರ್ ಅಂದೆ. ಮ್ಯಾನೇಜರ್ ಹಣೆ ಬಗ್ಗೆ ಒಂದು ಮಾತೂ ಆಡಲಿಲ್ಲ. ಟಾರ್ಗೆಟ್ ಬಗ್ಗೆ ತುಂಬ ಆಡಿದರು.

ಆಗ ನನಗೆ ಅಜ್ಜಿಯ ತಕ್ಕಡಿ ನೆನಪಾಯಿತು. ಅಕ್ಕ ಒರೆಸ್ಕೋ ಅಂದಾಗ ಏನನ್ನು ಒರೆಸಲು ಹೇಳಿದರು ಅಂತಲೂ ಆಗಲೇ ಗೊತ್ತಾಯಿತು. ಪಾಪ, ಅವರಿಗೆ ಅದು ಗೊತ್ತಿರಲಿಕ್ಕಿಲ್ಲ. ಅವರ ಮೇಲಿನ ಕೋಪ ಬರೆಯುತ್ತಾ ಬರೆಯುತ್ತಾ ಸ್ವಲ್ಪ ಇಳಿದಿದೆ. ಪೂರ್ತಿ ಇಳಿದಿಲ್ಲ.

ಪಾಲಿಸಿ ಪತ್ರ ಕೈಗೆ ಬಂದು ಮೂವತ್ತು ದಿನದೊಳಗೆ ಬೇಡ ಅಂತ ಬರೆದುಕೊಟ್ಟರೆ, ಸಣ್ಣಪುಟ್ಟ ಖರ್ಚು ಹಿಡಿದುಕೊಂಡು ಉಳಿದ ದುಡ್ಡು ವಾಪಸ್ ಕೊಡಬೇಕು ಅಂತ ನಿಯಮ ಇದೆ. ಜನರಿಗೆ ಇದನ್ನು ನಾವು ಹೇಳುವುದೇ ಇಲ್ಲ. ಬೈಬಲ್‌ನಲ್ಲಿ ಜಕ್ಕಾಯ ಅನ್ನುವ ಸುಂಕದವನು, ಮೋಸದಿಂದ ತೆಗೆದುಕೊಂಡಿದ್ದರೆ ನಾಲ್ಕರಷ್ಟು ಕೊಡುತ್ತೇನೆ ಅಂದ. ನನ್ನಿಂದ ಅಷ್ಟು ಆಗುವುದಿಲ್ಲ. ಸಂಜೆ ಸಿಸ್ಟಮ್‌ನಲ್ಲಿ ನೋಡಿದೆ. ಶುಂಠಿ ಅಮ್ಮನ ಪಾಲಿಸಿಗೆ ಇನ್ನೂ ಹದಿನಾಲ್ಕು ದಿನ ಉಳಿದಿದೆ. ಅವರ ನಂಬರ್ ಬರೆದಿಟ್ಟುಕೊಂಡಿದ್ದೇನೆ. ನಾಳೆ ಬೆಳಿಗ್ಗೆ, ಬ್ರಾಂಚಿಗೆ ಹೋಗುವ ಮುಂಚೆ ಫೋನ್ ಮಾಡುತ್ತೇನೆ.